ಬೆನ್ನಿಗೆ ಹೊರುವ ಸ್ಪಾಟಿಂಗ್ ಸ್ಕೋಪ್: ಮಿತವಾದ ದುಡ್ಡಿನಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಎದುರಿನ ಇಳಿಜಾರಿನಲ್ಲಿ ಒಂದು ಕಂದು ಚುಕ್ಕೆ. ಬೈನಾಕ್ಯುಲರ್ ಹಿಡಿದರೆ ಪ್ರಾಣಿ ಅನ್ನುವುದು ಖಾತ್ರಿ. ಆದರೆ ಗಂಡೋ ಹೆಣ್ಣೋ, ಕೊಂಬು ಎಷ್ಟು ಸುತ್ತಿದೆ, ಪಕ್ಕದಲ್ಲಿರುವುದು ಮಲಗಿದ ಮರಿಯೋ ಬರೀ ಕಲ್ಲೋ, ಒಂದೂ ತಿಳಿಯದು. ಹತ್ತಿರ ಹೋಗೋಣವೆಂದರೆ ನಡುವೆ ಕಣಿವೆ. ಇಳಿದು ಹತ್ತುವಷ್ಟರಲ್ಲಿ ಮೂರು ತಾಸು. ಸ್ಪಾಟಿಂಗ್ ಸ್ಕೋಪ್, ಅಂದರೆ ಟ್ರೈಪಾಡಿನ ಮೇಲೆ ಕೂರಿಸಿ ಒಂದೇ ಕಣ್ಣಿನಿಂದ ನೋಡುವ ಪುಟ್ಟ ದೂರದರ್ಶಕ, ಒಂದು ಇರಬೇಕಿತ್ತು ಅಂತ ಅನ್ನಿಸುವುದು ಇಂಥ ಹೊತ್ತಿನಲ್ಲೇ.

ಕೊಳ್ಳಲು ಹೊರಟರೆ ಗೊಂದಲ ಶುರುವಾಗುತ್ತದೆ. 50 ಮಿಲಿಮೀಟರಿನದೋ, 65ರದೋ, 80ರದೋ? ನೇರ ಕೊಳವೆಯೋ, ಬಾಗಿದ್ದೋ? ಪೆಟ್ಟಿಗೆಯ ಮೇಲೆ 60 ಪಟ್ಟು ಅಂತ ಬರೆದಿರುವ ಅಗ್ಗದ ಸ್ಕೋಪ್ ಇರುವಾಗ, 30 ಪಟ್ಟಿನದಕ್ಕೆ ನಾಲ್ಕರಷ್ಟು ಬೆಲೆ ಯಾಕೆ? ಪರವಾನಗಿ ಪಡೆದು ವಾರಗಟ್ಟಲೆ ಬೆಟ್ಟದಲ್ಲಿ ಡೇರೆ ಹಾಕುವ ಬೇಟೆಗಾರನಿಗೂ, ಹಕ್ಕಿ ಹುಡುಕಿಕೊಂಡು ನಡೆಯುವವರಿಗೂ, ಪ್ರಾಣಿಗಳ ಎಣಿಕೆಗೆ ಹೋಗುವ ಸ್ವಯಂಸೇವಕರಿಗೂ ಇಕ್ಕಟ್ಟು ಒಂದೇ: ಊಟ, ನೀರು, ಹಾಸಿಗೆಯ ಜೊತೆಗೆ ಇದೂ ಬೆನ್ನ ಮೇಲೇ ಹೋಗಬೇಕು, ದುಡ್ಡೂ ಕೈ ಮೀರಬಾರದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೊತ್ತು ನಡೆಯುವವರು, ದುಡ್ಡು ಮಿತವಾಗಿದ್ದರೆ, ದೊಡ್ಡ ಗಾಜಿನ ಆಸೆ ಬಿಟ್ಟು ಒಳ್ಳೆಯ ಗಾಜನ್ನು ನೋಡಬೇಕು. ಟ್ರೈಪಾಡಿಗೆ ಅಂತ ಬೇರೆಯಾಗಿಯೇ ಹಣ ತೆಗೆದಿಡಬೇಕು. ಈ ಮಾತಿಗೆ ಹೊರತಾದವರೂ ಇದ್ದಾರೆ. ಅವರ ವಿಷಯಕ್ಕೂ ಬರುತ್ತೇನೆ.

ನಾನು ಮೊದಲು ಕೊಂಡದ್ದು 20-60×60 ಅಂತ ಬರೆದಿದ್ದ ಒಂದು ಸ್ಕೋಪ್. ಅಂದರೆ 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 60 ಮಿಲಿಮೀಟರು. 20ರಲ್ಲಿ ಚಿತ್ರ ಪರವಾಗಿಲ್ಲ ಅನ್ನುವಂತಿತ್ತು. 35 ದಾಟಿದ ಕೂಡಲೇ ಹಾಲಿಗೆ ನೀರು ಬೆರೆಸಿದಂತೆ ತೆಳುವಾಯಿತು. 60ಕ್ಕೆ ತಿರುಗಿಸಿದರೆ ನಡುಗುವ ಮಬ್ಬು ಮಾತ್ರ ಉಳಿಯಿತು. ಎರಡು ಚಾರಣಕ್ಕೆ ಹೊತ್ತೆ. ಮೂರನೆಯದಕ್ಕೆ ಮನೆಯಲ್ಲೇ ಬಿಟ್ಟೆ. ಅದಕ್ಕೆ ಕೊಟ್ಟ ಹಣ ಕಡಿಮೆಯೇ ಆದರೂ ಪೂರ್ತಿ ಪೋಲಾಯಿತು.

ಏನನ್ನು ಅಳೆಯಬೇಕು

ಮೊದಲನೆಯದು ತೂಕ. ಸ್ಕೋಪ್ ಒಂದರ ತೂಕ ನೋಡಿ ನಿರ್ಧರಿಸುವುದು ಎಲ್ಲರೂ ಮಾಡುವ ತಪ್ಪು. ಸ್ಕೋಪ್, ಟ್ರೈಪಾಡ್, ಅದರ ತುದಿಯಲ್ಲಿ ಸ್ಕೋಪನ್ನು ಹಿಡಿದು ತಿರುಗಿಸುವ ಹೆಡ್, ಹೊದಿಕೆ, ಕೂಡಿಸುವ ತಟ್ಟೆ, ಇಷ್ಟನ್ನೂ ಒಟ್ಟಿಗೆ ತಕ್ಕಡಿಗೆ ಹಾಕಬೇಕು. 85 ಮಿಲಿಮೀಟರಿನ ಸ್ಕೋಪ್ ಎರಡು ಕಿಲೋ ಹತ್ತಿರ ತೂಗುತ್ತದೆ. ಅದನ್ನು ಅಲುಗದಂತೆ ಹಿಡಿಯಬಲ್ಲ ಟ್ರೈಪಾಡ್ ಇನ್ನೆರಡು ಕಿಲೋ. ಅದೇ 50 ಮಿಲಿಮೀಟರಿನ ಸ್ಕೋಪಿಗೆ ಒಂದು ಕಿಲೋದ ಆಸುಪಾಸಿನ ಟ್ರೈಪಾಡ್ ಸಾಕಾಗುತ್ತದೆ. ಅಂದರೆ ಗಾಜು ದೊಡ್ಡದಾದಂತೆ ತೂಕ ಎರಡು ಕಡೆಯಿಂದ ಏರುತ್ತದೆ. ಐದು ದಿನದ ನಡಿಗೆಯ ಮೂರನೆಯ ದಿನ ಏರಿನಲ್ಲಿ ಈ ಎರಡು ಕಿಲೋದ ವ್ಯತ್ಯಾಸ ಏನೆಂದು ಭುಜಕ್ಕೆ ಗೊತ್ತಾಗುತ್ತದೆ.

ಎರಡನೆಯದು ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದು. ಇಲ್ಲೇ ಎಲ್ಲರೂ ಮೋಸಹೋಗುವುದರಿಂದ ಸ್ವಲ್ಪ ಲೆಕ್ಕ ಹಾಕೋಣ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಒಂದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು 29 ಸೆಂಟಿಮೀಟರು. ಅದಕ್ಕಿಂತ ಸಣ್ಣ ವಿವರ ಬರಿಗಣ್ಣಿಗೆ ಸಿಗುವುದಿಲ್ಲ. 10 ಪಟ್ಟಿನ ಬೈನಾಕ್ಯುಲರಿನಲ್ಲಿ ಇದು ಮೂರು ಸೆಂಟಿಮೀಟರಿಗೆ ಇಳಿಯುತ್ತದೆ, 30 ಪಟ್ಟಿನ ಸ್ಕೋಪಿನಲ್ಲಿ ಒಂದಕ್ಕೆ. ಹಾಗಾದರೆ 60 ಪಟ್ಟಿನಲ್ಲಿ ಅರ್ಧ ಸೆಂಟಿಮೀಟರು ಕಾಣಬೇಕಲ್ಲ? ಕಾಣುವುದಿಲ್ಲ. ಬೆಳಕಿಗೆ ತನ್ನದೇ ಒಂದು ಮಿತಿಯಿದೆ. ಗಾಜಿನ ಅಡ್ಡಳತೆ ಚಿಕ್ಕದಾದಷ್ಟೂ ಆ ಮಿತಿ ಬೇಗ ಎದುರಾಗುತ್ತದೆ. 116ನ್ನು ಗಾಜಿನ ಮಿಲಿಮೀಟರಿನಿಂದ ಭಾಗಿಸಿದರೆ ಅದು ಬಿಡಿಸಬಲ್ಲ ಕನಿಷ್ಠ ಕೋನ ಸೆಕೆಂಡುಗಳಲ್ಲಿ ಸಿಗುತ್ತದೆ (ಕೋನದ ಒಂದು ಸೆಕೆಂಡು ಅಂದರೆ ಡಿಗ್ರಿಯ 3,600ನೇ ಒಂದು ಭಾಗ). ದೂರದರ್ಶಕ ಬಳಸುವವರು ಇದನ್ನು ಡಾಸ್ ಮಿತಿ ಅನ್ನುತ್ತಾರೆ. ಒಂದು ಕಿಲೋಮೀಟರಿಗೆ ಹೊಂದಿಸಿದರೆ 50 ಮಿಲಿಮೀಟರಿನ ಗಾಜಿಗೆ ಸುಮಾರು 11 ಮಿಲಿಮೀಟರು, 65ಕ್ಕೆ ಒಂಬತ್ತರ ಹತ್ತಿರ, 80ಕ್ಕೆ ಏಳು.

ಈ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. 50 ಮಿಲಿಮೀಟರಿನ ಗಾಜಿನಲ್ಲಿರುವ ಅಷ್ಟೂ ವಿವರವನ್ನು ಒಳ್ಳೆಯ ಕಣ್ಣು 26 ಪಟ್ಟಿನಲ್ಲೇ ಹೀರಿಕೊಳ್ಳುತ್ತದೆ. 65ರಲ್ಲಿ 34, 80ರಲ್ಲಿ 41. ಅಲ್ಲಿಂದಾಚೆ ಹಿಗ್ಗಿಸಿದರೆ ಅದೇ ವಿವರ ದೊಡ್ಡದಾಗಿ, ಕಣ್ಣಿಗೆ ತುಸು ಆರಾಮವಾಗಿ ಕಾಣಬಹುದು, ಹೊಸದೇನೂ ಸಿಗುವುದಿಲ್ಲ. ಹಾಗಾಗಿ ಮಿಲಿಮೀಟರಿನ ಅರ್ಧವನ್ನು ಕೆಲಸಕ್ಕೆ ಬರುವ ಪಟ್ಟು ಎಂದು ಹಿಡಿಯಿರಿ. ಅದರ ಮೇಲೆ ಇನ್ನೊಂದು ಹತ್ತು ಬೋನಸ್ಸು. 50 ಮಿಲಿಮೀಟರಿನ ಕೊಳವೆಯ ಮೇಲೆ 75 ಪಟ್ಟು ಅಂತ ಬರೆದಿದ್ದರೆ, ಬರೆದವರಿಗೆ ನಿಮ್ಮ ಮೇಲೆ ಗೌರವವಿಲ್ಲ ಅಂತಲೇ ಅರ್ಥ.

ಗಾಳಿಯ ಕಾಟ ಬೇರೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಕಾವು ದೂರದ ಚಿತ್ರವನ್ನು ಕುದಿಯುವ ನೀರಿನ ಹಾಗೆ ಅಲ್ಲಾಡಿಸುತ್ತದೆ. ಆಗ ಜಗತ್ತಿನ ಅತ್ಯುತ್ತಮ ಸ್ಕೋಪನ್ನೂ 25, 30ಕ್ಕೆ ಇಳಿಸಲೇಬೇಕು. ದುಬಾರಿ ಗಾಜು ಗಾಳಿಯನ್ನು ಸರಿಮಾಡುವುದಿಲ್ಲ.

ಮೂರನೆಯದು ಬೆಳಕು. ಪ್ರಾಣಿಗಳು ಹೊರಬರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಗಾಜಿನ ಅಡ್ಡಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಐಪೀಸಿನಿಂದ, ಅಂದರೆ ಕಣ್ಣಿಡುವ ತುದಿಯ ಮಸೂರದಿಂದ, ಹೊರಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 50ನ್ನು 25ರಿಂದ ಭಾಗಿಸಿದರೆ ಎರಡು ಮಿಲಿಮೀಟರು. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯೂ ಎರಡರಿಂದ ಮೂರು ಮಿಲಿಮೀಟರಷ್ಟೇ ತೆರೆದಿರುತ್ತದೆ, ಅಲ್ಲಿಗೆ ಸಾಕು. ಮುಸ್ಸಂಜೆಗೆ ಪಾಪೆ ಐದು ಮಿಲಿಮೀಟರು ದಾಟಿ ಹಿಗ್ಗುತ್ತದೆ, ಸ್ಕೋಪ್ ಕೊಡುವುದು ಅದೇ ಎರಡು. ಚಿತ್ರ ಕಪ್ಪಿಡುತ್ತದೆ. ಅಗ್ಗದ 60 ಮಿಲಿಮೀಟರಿನದನ್ನು 60 ಪಟ್ಟಿಗೆ ತಿರುಗಿಸಿದರೆ ಸಿಗುವುದು ಒಂದೇ ಮಿಲಿಮೀಟರು. ದೊಡ್ಡ ಗಾಜಿನ ನಿಜವಾದ ಬಲ ಇರುವುದು ಇಲ್ಲಿ: 80 ಮಿಲಿಮೀಟರಿನ ಗಾಜು 50ರದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ.

ಆದರೆ ಹಿಡಿದ ಬೆಳಕೆಲ್ಲ ಕಣ್ಣಿಗೆ ತಲುಪಬೇಕಲ್ಲ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯಲ್ಲೂ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ವ್ಯರ್ಥವಾಗುತ್ತದೆ. ಅಂಥ 12 ಮೇಲ್ಮೈ ದಾಟುವಷ್ಟರಲ್ಲಿ ಉಳಿಯುವುದು ಶೇ. 61 ಮಾತ್ರ. ಪ್ರತಿಫಲನ ತಡೆಯುವ ಲೇಪನವನ್ನು ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದರು. ಇಂದಿನ ಬಹುಪದರದ ಲೇಪನವಿದ್ದರೆ ನಷ್ಟ ಮೇಲ್ಮೈಗೆ ಅರ್ಧ ಶೇಕಡಾಕ್ಕೂ ಕೆಳಗಿಳಿಯುತ್ತದೆ. ಅದೇ 12 ಮೇಲ್ಮೈ ದಾಟಿ ಶೇ. 94 ತಲುಪುತ್ತದೆ. ಹೀಗಾಗಿಯೇ ಪ್ರತಿ ಮೇಲ್ಮೈಗೂ ಲೇಪನವಿರುವ 50 ಮಿಲಿಮೀಟರಿನ ಒಳ್ಳೆಯ ಸ್ಕೋಪು, ಅರೆಬರೆ ಲೇಪನದ 60ರದಕ್ಕೆ ಸಂಜೆಯಲ್ಲೂ ಸರಿಸಾಟಿಯಾಗಿ ನಿಲ್ಲುತ್ತದೆ. ವಿವರಪಟ್ಟಿಯಲ್ಲಿ ‘ಫುಲ್ಲಿ ಮಲ್ಟಿಕೋಟೆಡ್’ ಅನ್ನುವ ಎರಡು ಪದವನ್ನೂ ಹುಡುಕಿ. ಬರೀ ‘ಕೋಟೆಡ್’ ಅಂತಿದ್ದರೆ ಎಲ್ಲೋ ಒಂದೆರಡು ಮೇಲ್ಮೈಗೆ ಮಾತ್ರ ಬಳಿದಿದ್ದಾರೆ ಎಂದು ತಿಳಿಯಿರಿ.

ಗಾಜಿನ ಜಾತಿಯೂ ಮುಖ್ಯ. ಮಾಮೂಲಿ ಗಾಜು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೇ ಜಾಗಕ್ಕೆ ಕೂಡಿಸುವುದಿಲ್ಲ. ಬೆಳ್ಳನೆಯ ಆಕಾಶದೆದುರು ಕೂತ ಹದ್ದಿನ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ಬಳಿದಂತೆ ಕಾಣುವುದು ಇದರಿಂದ. ಬಣ್ಣಗಳನ್ನು ಕಡಿಮೆ ಚದುರಿಸುವ ‘ಇಡಿ’ (ED) ಗಾಜು ಇದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ, ಫ್ಲೋರೈಟ್ ಹರಳಿನ ಮಸೂರ ಇನ್ನೂ ಚೆನ್ನಾಗಿ. 10 ಪಟ್ಟಿನ ಬೈನಾಕ್ಯುಲರಿನಲ್ಲಿ ಈ ದೋಷವನ್ನು ಸಹಿಸಿಕೊಳ್ಳಬಹುದು. 30 ದಾಟಿದ ಸ್ಕೋಪಿನಲ್ಲಿ ಅದೇ ವಿವರವನ್ನು ನುಂಗಿಬಿಡುತ್ತದೆ. ಒಂದು ಎಚ್ಚರಿಕೆ: ಇಡಿ, ಎಚ್‌ಡಿ ಅನ್ನುವ ಅಕ್ಷರಗಳ ಬಳಕೆಗೆ ಕಟ್ಟುಪಾಡಿಲ್ಲ. ಎಚ್‌ಡಿ ಅಂತೂ ಕಂಪನಿಗೊಂದು ಅರ್ಥ. ಅಕ್ಷರವನ್ನು ನಂಬದೆ ಕಣ್ಣಿನಿಂದ ಪರೀಕ್ಷಿಸಬೇಕು, ಹೇಗೆಂದು ಕೊನೆಗೆ ಹೇಳುತ್ತೇನೆ.

ಉಳಿದವು ಬೇಗ ಮುಗಿಯುತ್ತವೆ. ಕನ್ನಡಕ ಹಾಕುವವರು ಐ ರಿಲೀಫ್, ಅಂದರೆ ಐಪೀಸಿನಿಂದ ಕಣ್ಣು ಇರಬೇಕಾದ ದೂರ, 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮುಟ್ಟಬೇಡಿ. ಚಿತ್ರದ ಅಂಚು ಕತ್ತರಿಸಿಹೋಗುತ್ತದೆ. ಕೊಳವೆಯೊಳಗೆ ಸಾರಜನಕ ಅಥವಾ ಆರ್ಗಾನ್ ತುಂಬಿರಬೇಕು. ಇಲ್ಲದಿದ್ದರೆ ಚಳಿಯ ಬೆಳಗ್ಗೆ ಒಳಗಡೆಯೇ ಮಂಜು ಕಟ್ಟುತ್ತದೆ, ಅದನ್ನು ಒರೆಸಲು ದಾರಿಯಿಲ್ಲ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ಮಳೆಗೆ ಅದು ಧಾರಾಳ.

50ರಿಂದ 56 ಮಿಲಿಮೀಟರಿನ ಪುಟ್ಟವು

ಹೊತ್ತು ನಡೆಯುವವರಿಗೆ ನನ್ನ ಮೊದಲ ಆಯ್ಕೆ ಇವೇ. ಕೋವಾ ಟಿಎಸ್‌ಎನ್-501 ಎಂಬುದು 20-40×50. ತೂಕ ಬರೀ 400 ಗ್ರಾಂ, ಒಂದು ಸಣ್ಣ ನೀರಿನ ಬಾಟಲಿಗಿಂತ ಹಗುರ. ಬೆಲೆಯಲ್ಲೂ ಇದು ಕೆಳಗಿನ ಮೆಟ್ಟಿಲಿನದು. ಇಡಿ ಗಾಜಿಲ್ಲದ್ದರಿಂದ 30 ದಾಟಿದ ಮೇಲೆ ಅಂಚು ಮೆತ್ತಗಾಗುತ್ತದೆ. ಆದರೆ 20ರಿಂದ 30ರವರೆಗೆ ಇದು ಮಾಡುವ ಕೆಲಸವನ್ನು ಈ ತೂಕದಲ್ಲಿ ಬೇರೆಯದು ಮಾಡುವುದು ಕಷ್ಟ. ಸೆಲೆಸ್ಟ್ರಾನಿನ ಹಮ್ಮಿಂಗ್‌ಬರ್ಡ್ 9-27×56ರದು ಇಡಿ ಗಾಜು, ತೂಕ ಸುಮಾರು 600 ಗ್ರಾಂ. ಪಟ್ಟು 27ಕ್ಕೇ ನಿಲ್ಲುತ್ತದಲ್ಲ ಎಂದು ಮೂಗು ಮುರಿಯುವವರು ಮೇಲಿನ ಲೆಕ್ಕ ನೆನೆಯಬೇಕು: 56ರ ಅರ್ಧ 28. ಸುಳ್ಳು ಹೇಳದೆ ಗಾಜಿಗೆ ತಕ್ಕಷ್ಟೇ ಪಟ್ಟು ಇಟ್ಟಿದ್ದಾರೆ. 9 ಪಟ್ಟಿಗೆ ಇಳಿಯುವುದರಿಂದ, ಹಗುರ ನಡಿಗೆಯಲ್ಲಿ ಬೈನಾಕ್ಯುಲರನ್ನು ಮನೆಯಲ್ಲಿ ಬಿಟ್ಟು ಇದೊಂದನ್ನೇ ಒಯ್ಯುವ ಯೋಚನೆಯೂ ಸಾಧ್ಯ.

ಮಧ್ಯಮ ಬೆಲೆಗೆ ಏರಿದರೆ ವೋರ್ಟೆಕ್ಸ್ ರೇಝರ್ ಎಚ್‌ಡಿ 11-33×50 ಸಿಗುತ್ತದೆ, ಸುಮಾರು 700 ಗ್ರಾಂ. ಇನ್ನೂ ಮೇಲಕ್ಕೆ ಫ್ಲೋರೈಟ್ ಮಸೂರದ ಕೋವಾ ಟಿಎಸ್‌ಎನ್-553, 15-45×55, ಸುಮಾರು 800 ಗ್ರಾಂ. ತುದಿಯಲ್ಲಿ ಸ್ವರೋವ್ಸ್ಕಿಯ ಎಟಿಸಿ 17-40×56, ಒಂದು ಕಿಲೋಕ್ಕೆ ತುಸು ಕಡಿಮೆ. ಕೊನೆಯ ಎರಡು ಮಿತವಾದ ದುಡ್ಡಿನವರಿಗಲ್ಲ. ಆದರೂ ಹೆಸರು ಎತ್ತಿದ್ದು ಯಾಕೆಂದರೆ, ಜಗತ್ತಿನ ದುಬಾರಿ ತಯಾರಕರೇ ಬೆನ್ನುಚೀಲಕ್ಕೆಂದು ಮಾಡುವಾಗ 55ರ ಸುತ್ತಮುತ್ತ ನಿಂತಿದ್ದಾರೆ ಅನ್ನುವುದನ್ನು ಗಮನಿಸಬೇಕು.

ಇವುಗಳ ಕೊರತೆಯನ್ನೂ ಮುಚ್ಚಿಡಬಾರದು. ಮುಸ್ಸಂಜೆಯ ಕೊನೆಯ ಕಾಲು ಗಂಟೆ ಇವು ಕೈಕೊಡುತ್ತವೆ. ಒಂದೂವರೆ ಕಿಲೋಮೀಟರ್ ಆಚೆಯ ಪ್ರಾಣಿಯ ಸೂಕ್ಷ್ಮ ಗುರುತುಗಳನ್ನು ಇವು ಹೇಳಲಾರವು. ಒಂದೇ ಕಡೆ ಮೂರು ತಾಸು ಕೂತು ನೋಡಿದರೆ ಸಣ್ಣ ಬೆಳಕಿನ ವೃತ್ತದಿಂದ ಕಣ್ಣು ದಣಿಯುತ್ತದೆ.

60ರಿಂದ 65ರ ನಡುದಾರಿ

ಸ್ಕೋಪ್ ಒಂದೇ ಇರಬೇಕು, ಅದರಲ್ಲೇ ಎಲ್ಲ ಆಗಬೇಕು ಅನ್ನುವವರು ಬಂದು ನಿಲ್ಲುವುದು ಇಲ್ಲಿ. ತೂಕ ಸಾಮಾನ್ಯವಾಗಿ 1.1ರಿಂದ 1.6 ಕಿಲೋ. 50ರದಕ್ಕೆ ಹೋಲಿಸಿದರೆ 65ರ ಗಾಜು ಶೇ. 70ರಷ್ಟು ಹೆಚ್ಚು ಬೆಳಕು ಹಿಡಿಯುತ್ತದೆ, 35 ಪಟ್ಟಿನವರೆಗೆ ನಿಜವಾದ ವಿವರ ಕೊಡುತ್ತದೆ. ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿ 16-48×65ರಂಥವು ಕೈಗೆಟುಕುವ ಬೆಲೆಯಲ್ಲಿ ಸಿಗುತ್ತವೆ. ಲ್ಯೂಪೋಲ್ಡಿನ ಗೋಲ್ಡ್ ರಿಂಗ್ 12-40×60 ಬಹಳ ವರ್ಷ ಬೆಟ್ಟದ ಬೇಟೆಗಾರರ ಚೀಲದಲ್ಲಿ ಓಡಾಡಿದ್ದು. ಒಳಗಿನ ಬೆಳಕಿನ ದಾರಿಯನ್ನು ಮಡಚಿ ಕೊಳವೆಯನ್ನು ಗಿಡ್ಡ ಮಾಡಿರುವುದರಿಂದ ತೂಕ ಒಂದು ಕಿಲೋದ ಆಸುಪಾಸಿನಲ್ಲೇ ನಿಂತಿದೆ.

ನಡುದಾರಿಯ ಅಪಾಯವೆಂದರೆ, ಬೆಲೆ ಕಡಿಮೆ ಮಾಡಲು ತಯಾರಕರು ಕತ್ತರಿ ಹಾಕುವುದು ಹೆಚ್ಚಾಗಿ ಈ ಅಳತೆಯಲ್ಲಿ. ಹೊರಗೆ ದಪ್ಪ ರಬ್ಬರು, ಒಳಗೆ ಸಾಧಾರಣ ಗಾಜು. ಒಂದೇ ಹಣಕ್ಕೆ ಇಡಿ ಗಾಜಿನ 50ರದ್ದೂ ಮಾಮೂಲಿ ಗಾಜಿನ 65ರದ್ದೂ ಎದುರಿಗಿದ್ದರೆ ನಾನು ಕಣ್ಣುಮುಚ್ಚಿ ಮೊದಲನೆಯದನ್ನು ತೆಗೆದುಕೊಳ್ಳುತ್ತೇನೆ. ಎರಡರಲ್ಲೂ ಇಡಿ ಗಾಜಿದ್ದು, ನಿಮ್ಮ ನಡಿಗೆ ಎರಡು ದಿನ ಮೀರುವುದಿಲ್ಲವೆಂದರೆ 65ರದ್ದೇ ಸರಿ.

80ರಿಂದ 85: ಹೊರೆಗೆ ತಕ್ಕ ಫಲ ಯಾರಿಗೆ?

ನನ್ನ ಮಾತಿಗೆ ಹೊರತಾದವರು ಇವರು. ಅಲಾಸ್ಕದಲ್ಲಿ ಡಾಲ್ ಕುರಿ ಎಂಬ ಬೆಟ್ಟದ ಕಾಡುಕುರಿಯ ಬೇಟೆಗೆ ಹೋಗುವವರು ಟಗರಿನ ಕೊಂಬು ಪೂರ್ತಿ ಒಂದು ಸುತ್ತು ಬಂದಿದೆಯೋ, ಎರಡೂ ತುದಿ ಮುರಿದಿವೆಯೋ, ಇಲ್ಲವೇ ಕೊಂಬಿನ ಮೇಲಿನ ವರ್ಷದ ಉಂಗುರಗಳನ್ನು ಎಣಿಸಿದರೆ ಎಂಟು ತುಂಬಿದೆಯೋ ಎಂದು ಗುಂಡು ಹಾರಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ತಪ್ಪಿದರೆ ಕಾನೂನು ಮುರಿದಂತೆ, ಎಳೆಯ ಟಗರೊಂದು ಸತ್ತಂತೆ. ದೂರದಿಂದ ಉಂಗುರ ಎಣಿಸಲು ಪ್ರತಿ ಮಿಲಿಮೀಟರೂ ಬೇಕು. ಅಂಥವರು ಎರಡು ಕಿಲೋ ಹೆಚ್ಚು ಹೊರುವುದರಲ್ಲಿ ಅರ್ಥವಿದೆ. ಕೆಸರು ಬಯಲಿನಾಚೆ ಓಡಾಡುವ, ಒಂದರಂತೆ ಇನ್ನೊಂದಿರುವ ನೀರ ಹಕ್ಕಿಗಳ ಕಾಲಿಗೆ ಗುರುತಿಗೆಂದು ತೊಡಿಸಿದ ಉಂಗುರದ ಅಕ್ಷರ ಓದುವವರದೂ ಇದೇ ಕಥೆ, ಆದರೆ ಅವರು ದೂರ ನಡೆಯುವುದು ಕಡಿಮೆ.

ಉಳಿದವರು, ಅದರಲ್ಲೂ ದುಡ್ಡು ಹಿಡಿದು ಖರ್ಚು ಮಾಡುವವರು, ಈ ಅಳತೆಯ ಆಸೆ ಬಿಡುವುದು ಒಳ್ಳೆಯದು. ದೊಡ್ಡ ಮಸೂರವನ್ನು ದೋಷವಿಲ್ಲದೆ ಅರೆಯುವುದು ದುಬಾರಿ ಕೆಲಸ. ಅಗ್ಗದ 80ರದು ಹೆಚ್ಚು ಬೆಳಕನ್ನೂ ಅದರ ಜೊತೆ ಹೆಚ್ಚು ಬಣ್ಣದ ಗೆರೆಗಳನ್ನೂ ಹೊತ್ತು ತರುತ್ತದೆ.

ಸ್ಕೋಪೇ ಬೇಕೇ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ 10×42 ಬೈನಾಕ್ಯುಲರ್ ಇದ್ದರೆ, ಒಂದು ವಾರ ಅದನ್ನೇ ಟ್ರೈಪಾಡಿಗೆ ಕೂರಿಸಿ ನೋಡಿ. ಕೈನಡುಕ ಹೋದ ಮೇಲೆ ಅದೇ ಗಾಜು ಬೇರೆಯದೇ ಆಗಿ ಕಾಣುತ್ತದೆ. ಪೊದೆಯ ಸಂದಿನಲ್ಲಿ ಅಲ್ಲಾಡಿದ ಕಿವಿ, ಬಂಡೆಯ ನೆರಳಿನಲ್ಲಿ ಮಲಗಿದ ಪ್ರಾಣಿ, ಇವೆಲ್ಲ ಸಿಗುವುದು ಹೆಚ್ಚು ಪಟ್ಟಿನಿಂದಲ್ಲ, ಅಲುಗದ ಚಿತ್ರ ಮತ್ತು ಅಗಲದ ನೋಟದಿಂದ. ಕೂಡಿಸುವ ತುಣುಕಿಗೆ ಆಗುವ ಖರ್ಚು ಸ್ಕೋಪಿನ ಸಣ್ಣದೊಂದು ಪಾಲು. ಪ್ರಾಣಿಯನ್ನು ಹುಡುಕುವುದಷ್ಟೇ ನಿಮ್ಮ ಕೆಲಸವಾದರೆ ಇಲ್ಲಿಗೇ ನಿಲ್ಲಿಸಬಹುದು. ಹುಡುಕಿದ್ದನ್ನು ಗುರುತಿಸಬೇಕು, ವಯಸ್ಸು ಹೇಳಬೇಕು ಎಂದಾಗ ಮಾತ್ರ ಸ್ಕೋಪ್ ಬೇಕಾಗುತ್ತದೆ.

ಇನ್ನೊಂದು ದಾರಿ ಉದ್ದ ಝೂಮಿನ ಕ್ಯಾಮೆರಾ. ನಿಕಾನ್ ಪಿ900 ತೂಗುವುದು 899 ಗ್ರಾಂ, 83 ಪಟ್ಟು ಝೂಮ್ ಮಾಡುತ್ತದೆ. ಅದರ ಅಣ್ಣ ಪಿ1000 125 ಪಟ್ಟು, 1,415 ಗ್ರಾಂ. ಫೋಟೋ ಸಾಕ್ಷ್ಯ ಬೇಕೆನ್ನುವವರಿಗೆ, ಮನೆಗೆ ಬಂದು ಪುಸ್ತಕದೊಡನೆ ಹೋಲಿಸಿ ನೋಡುವವರಿಗೆ ಇವು ಬಹಳ ಉಪಯೋಗ. ಆದರೆ ಬ್ಯಾಟರಿ ಮುಗಿದರೆ ಮುಗಿಯಿತು. ಚಳಿಯಲ್ಲಿ ಅದು ಇನ್ನೂ ಬೇಗ. ಪುಟ್ಟ ಪರದೆಯಲ್ಲಿ ಒಂದು ಗುಡ್ಡವನ್ನು ಅಂಗುಲ ಅಂಗುಲವಾಗಿ ತಡಕುವುದು ಕಣ್ಣಿಗೆ ಶಿಕ್ಷೆ. ಸಂಜೆಗತ್ತಲಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ.

ಯಾರೋ ಬಳಸಿದ್ದನ್ನು ಕೊಳ್ಳುವುದು

ಮಿತವಾದ ದುಡ್ಡಿಗೆ ಅತಿ ಹೆಚ್ಚು ಗಾಜು ಸಿಗುವ ದಾರಿ ಇದು. ಹದಿನೈದು ವರ್ಷದ ಹಿಂದಿನ ಒಳ್ಳೆಯ ಸ್ಕೋಪಿನ ಗಾಜು ಇಂದೂ ಒಳ್ಳೆಯದೇ. ಮೊಬೈಲಿನ ಹಾಗೆ ಹಳತಾಗುವ ವಸ್ತುವಲ್ಲ. ನಿಕಾನಿನ ಫೀಲ್ಡ್‌ಸ್ಕೋಪ್ ಇಡಿ50 ನೋಡಿ: ಇಡಿ ಗಾಜಿನ ನೇರ ಕೊಳವೆ, ಐಪೀಸ್ ಬಿಟ್ಟು 455 ಗ್ರಾಂ. ಸುಸ್ಥಿತಿಯಲ್ಲಿರುವುದು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಇದಕ್ಕೆ ಬೇರೆ ಬೇರೆ ಐಪೀಸು ಹಾಕಬಹುದು ಅನ್ನುವುದು ಇನ್ನೊಂದು ಲಾಭ. ಝೂಮ್ ಐಪೀಸುಗಳು ಕಡಿಮೆ ಪಟ್ಟಿನಲ್ಲಿ ಕೊಳವೆಯೊಳಗಿಂದ ಇಣುಕಿದಂಥ ಇಕ್ಕಟ್ಟಿನ ನೋಟ ಕೊಡುತ್ತವೆ. ಅಗಲ ನೋಟದ 30 ಪಟ್ಟಿನ ಸ್ಥಿರ ಐಪೀಸು ತೋರಿಸುವಷ್ಟೇ ಜಾಗವನ್ನು ಸಾಮಾನ್ಯ ಝೂಮ್ 20ರಲ್ಲಿ ತೋರಿಸುತ್ತದೆ. ಬದಲಾಯಿಸುವ ಅವಕಾಶವಿದ್ದರೆ ನನ್ನ ಮತ ಸ್ಥಿರ ಐಪೀಸಿಗೆ. ಹಗುರ, ಬೆಳಕು ಹೆಚ್ಚು, ಕೆಡುವ ಭಾಗ ಕಡಿಮೆ.

ಹಳೆಯದನ್ನು ನೋಡುವಾಗ ಮುಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ಇಣುಕಿ. ಜೇಡರ ಬಲೆಯಂತೆ ಎಳೆಗಳಿದ್ದರೆ ಬೂಷ್ಟು, ಇಡೀ ಗಾಜು ಹೊಗೆಯಾಡಿದಂತಿದ್ದರೆ ಒಳಗಿನ ಅನಿಲ ಹೋಗಿ ತೇವ ಸೇರಿದೆ. ಎರಡಕ್ಕೂ ಕೈಮುಗಿದು ವಾಪಸು ಕೊಡಿ. ಹೊರಗಿನ ರಬ್ಬರಿನ ಗೀರುಗಳಿಗೆ ಹೆದರಬೇಕಾಗಿಲ್ಲ. ಬೆಲೆ ಇಳಿಸಲು ಅವು ನಿಮಗೆ ಸಹಾಯವನ್ನೇ ಮಾಡುತ್ತವೆ.

ನೇರವೋ, ಬಾಗಿದ್ದೋ

ಬಾಗಿದ ಐಪೀಸಿನದಾದರೆ ಟ್ರೈಪಾಡನ್ನು ಗಿಡ್ಡವಾಗಿ ನಿಲ್ಲಿಸಿ ಕೂತು ನೋಡಬಹುದು. ಗಿಡ್ಡ ಟ್ರೈಪಾಡ್ ಗಾಳಿಗೆ ಕಡಿಮೆ ಅಲುಗುತ್ತದೆ, ಹಗುರವಾದದ್ದೇ ಸಾಕಾಗುತ್ತದೆ. ಎತ್ತರ ಬೇರೆಬೇರೆಯಿರುವ ನಾಲ್ಕು ಜನ ಸರದಿಯಲ್ಲಿ ನೋಡಲೂ ಸುಲಭ. ನೇರವಾದದ್ದರಲ್ಲಿ ಕಣ್ಣು ನೋಡುವ ದಿಕ್ಕಿಗೇ ಕೊಳವೆ ಇರುವುದರಿಂದ ಪ್ರಾಣಿ ಬೇಗ ಸಿಗುತ್ತದೆ, ಚೀಲದ ಪಕ್ಕದ ಜೇಬಿಗೆ ಸಲೀಸಾಗಿ ಇಳಿಯುತ್ತದೆ, ಎತ್ತರದಿಂದ ಕಣಿವೆಗೆ ಇಣುಕುವಾಗ ಕತ್ತು ನೋಯುವುದಿಲ್ಲ. ಮೇಲಕ್ಕೆ, ಮರದ ತುದಿಗೆ ನೋಡುವವರಿಗೆ ಬಾಗಿದ್ದು. ಮೇಲಿನಿಂದ ಕೆಳಕ್ಕೆ, ಅಡ್ಡಕ್ಕೆ ನೋಡುವವರಿಗೆ ನೇರ. ಟ್ರೈಪಾಡಿನಲ್ಲಿ ತೂಕ ಉಳಿತಾಯವಾಗುತ್ತದೆಂದು ನಾನು ಬಾಗಿದ್ದನ್ನೇ ಒಯ್ಯುತ್ತೇನೆ.

ದುಡ್ಡನ್ನು ಹಂಚುವ ಬಗೆ

ಇಟ್ಟುಕೊಂಡ ಹಣವನ್ನೆಲ್ಲ ಸ್ಕೋಪಿಗೆ ಸುರಿದು, ಮೊಬೈಲ್ ನಿಲ್ಲಿಸುವ ಕಡ್ಡಿಯಂಥ ಟ್ರೈಪಾಡಿನ ಮೇಲೆ ಕೂರಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. 30 ಪಟ್ಟಿನಲ್ಲಿ ಸ್ಕೋಪು ಪ್ರಾಣಿಯನ್ನು ಮಾತ್ರವಲ್ಲ, ಟ್ರೈಪಾಡಿನ ನಡುಕವನ್ನೂ 30 ಪಟ್ಟು ಮಾಡುತ್ತದೆ. ಒಟ್ಟು ಹಣದ ಮೂರರಲ್ಲಿ ಒಂದು ಪಾಲು ಟ್ರೈಪಾಡ್ ಮತ್ತು ಹೆಡ್ಡಿಗೆ ಇಡಿ. ಹೆಡ್ ಫ್ಲೂಯಿಡ್ ಬಗೆಯದಾಗಿರಲಿ, ಅಂದರೆ ಒಳಗಿನ ದ್ರವದ ತಡೆಯಿಂದ ನಯವಾಗಿ ತಿರುಗುವಂಥದು. ಗುಂಡಿನ ಮೇಲೆ ಎಲ್ಲ ಕಡೆಗೂ ಹೊರಳುವ ಬಾಲ್ ಹೆಡ್ ಫೋಟೋಗೆ ಸರಿ, ಆದರೆ ಸಡಿಲಿಸಿದ ಕೂಡಲೇ ಸ್ಕೋಪು ಮೂತಿ ಕೆಳಗೆ ಹಾಕಿ ಮಲಗಿಬಿಡುತ್ತದೆ. ಮಧ್ಯದ ಕಂಬವನ್ನು ಎತ್ತಬೇಡಿ, ಕಾಲುಗಳನ್ನು ಅಗಲಿಸಿ ತಗ್ಗಿಸಿ. ನಡುವೆ ಕೊಕ್ಕೆಯಿದ್ದರೆ ನಿಮ್ಮ ಚೀಲವನ್ನೇ, ತುಸು ನೆಲಕ್ಕೆ ತಾಗುವಂತೆ, ತೂಗುಹಾಕಿ. ಹಗುರ ಟ್ರೈಪಾಡ್ ಭಾರದ್ದರಂತೆ ನಿಲ್ಲುತ್ತದೆ.

ಹಣ ತೀರಾ ಬಿಗಿಯಿದ್ದವರು ಹೊಸ ಅಗ್ಗದ ಸ್ಕೋಪಿನ ಕಡೆ ಹೋಗಬೇಡಿ. ಒಳ್ಳೆಯ ಟ್ರೈಪಾಡನ್ನು ಮೊದಲು ಕೊಂಡು ಬೈನಾಕ್ಯುಲರನ್ನು ಅದರ ಮೇಲೆ ಕೂರಿಸಿ ಒಂದು ವರ್ಷ ಓಡಾಡಿ. ಅಷ್ಟರಲ್ಲಿ ಹಳೆಯ 50ರದೊಂದು ಸಿಗಬಹುದು. ಸ್ವಲ್ಪ ಕೈ ಬಿಚ್ಚಬಲ್ಲವರು, ಮೂರು ದಿನಕ್ಕಿಂತ ಹೆಚ್ಚು ನಡೆಯುವವರಾದರೆ ಇಡಿ ಗಾಜಿನ 50ರಿಂದ 56ರದನ್ನು, ವಾಹನ ಬಿಟ್ಟು ಅರ್ಧ ದಿನದ ಹಾದಿಯವರಾದರೆ ಇಡಿ ಗಾಜಿನ 65ರದನ್ನು ತೆಗೆದುಕೊಳ್ಳಿ. ಇಬ್ಬರು ಮೂವರು ಒಟ್ಟಿಗೆ ಹೋಗುವವರು ಸ್ಕೋಪು ಒಬ್ಬರ ಚೀಲಕ್ಕೆ, ಟ್ರೈಪಾಡ್ ಇನ್ನೊಬ್ಬರ ಚೀಲಕ್ಕೆ ಹಾಕಿದರೆ 65ರದರ ಭಾರ ಗೊತ್ತೇ ಆಗುವುದಿಲ್ಲ.

ಹಣ ಕೊಡುವ ಮೊದಲು

ಅಂಗಡಿಯ ಕಿಟಕಿ ಗಾಜಿನ ಮೂಲಕ ನೋಡಿ ತೀರ್ಮಾನಿಸಬೇಡಿ. ಸ್ಕೋಪನ್ನು ಹೊರಗೆ ತರಿಸಿ. ಬೆಳ್ಳನೆಯ ಆಕಾಶಕ್ಕೆ ಚಾಚಿದ ಒಣ ಕೊಂಬೆಯನ್ನು ಹುಡುಕಿ, ಪಟ್ಟನ್ನು ತುದಿಗೇರಿಸಿ ಅಂಚು ನೋಡಿ: ಬಣ್ಣದ ಗೆರೆ ಎಷ್ಟು ದಪ್ಪ? ದೂರದ ಫಲಕದ ಸಣ್ಣ ಅಕ್ಷರಗಳನ್ನು ಕಡಿಮೆ ಪಟ್ಟಿನಲ್ಲಿ ಓದಿ, ಮೆಲ್ಲಗೆ ಏರಿಸುತ್ತ ಹೋಗಿ. ಯಾವ ಅಂಕಿ ದಾಟಿದ ಮೇಲೆ ಹೊಸ ಅಕ್ಷರ ಓದಲಾಗುತ್ತಿಲ್ಲವೋ ಅದೇ ಆ ಸ್ಕೋಪಿನ ನಿಜವಾದ ಪಟ್ಟು, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಫೋಕಸ್ ತಿರುಗಿಸುವಾಗ ಚಿತ್ರ ಸರಕ್ಕನೆ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ಇದು ಸರಿಯೋ ಅದು ಸರಿಯೋ ಎಂದು ಕೈ ಹಿಂದೆ ಮುಂದೆ ಹುಡುಕುತ್ತಿದ್ದರೆ ಗಾಜು ಸಾಧಾರಣದ್ದು. ಅಪ್ಪಿತಪ್ಪಿಯೂ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸಬೇಡಿ, ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ.

ಒಂದೇ ಮಾದರಿಯ ಎರಡು ಸ್ಕೋಪು ಇದ್ದರೆ ಎರಡನ್ನೂ ತೆಗೆಸಿ ನೋಡಿ. ಅಗ್ಗದ ಮತ್ತು ಮಧ್ಯಮ ಬೆಲೆಯವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುತ್ತದೆ. ಹಿಂದಿರುಗಿಸಲು ಒಂದು ವಾರದ ಗಡುವಾದರೂ ಇರುವ ಕಡೆಯೇ ಕೊಳ್ಳಿ. ಮೊದಲ ರಾತ್ರಿ ಆಕಾಶ ತಿಳಿಯಾಗಿದ್ದರೆ ಸ್ಕೋಪನ್ನು ಒಂದು ಪ್ರಕಾಶಮಾನವಾದ ನಕ್ಷತ್ರಕ್ಕೆ ಹಿಡಿದು ಫೋಕಸ್ಸನ್ನು ತುಸು ಆಚೆ, ತುಸು ಈಚೆ ತಿರುಗಿಸಿ. ಎರಡೂ ಕಡೆ ದುಂಡನೆಯ, ಒಂದೇ ತೆರನಾದ ಉಂಗುರಗಳು ಹರಡಿದರೆ ನಿಮಗೆ ಒಳ್ಳೆಯ ಗಾಜು ಸಿಕ್ಕಿದೆ. ಒಂದು ಕಡೆ ಉಂಗುರ, ಇನ್ನೊಂದು ಕಡೆ ಕಲಸಿದ ಮಸಿ, ಇಲ್ಲವೇ ಮೊಟ್ಟೆಯಾಕಾರ ಕಂಡರೆ, ಬೆಳಗಾದ ಕೂಡಲೇ ಪೆಟ್ಟಿಗೆಗೆ ಹಾಕಿ ವಾಪಸು ಕೊಟ್ಟುಬಿಡಿ.